ಕಡಲಿನಲ್ಲೂ ಮಿಶ್ರಬೆಳೆ

ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು ನಮಗೆ ಹೊಸದಲ್ಲ. ಇದೇ ಉಪಾಯವನ್ನು ಯುರೋಪಿನವರು ಕಡಲಿನಲ್ಲಿ ಪರೀಕ್ಷಿಸುತ್ತಿದ್ದಾರೆ. ಉತ್ತರ ಸಮುದ್ರದಲ್ಲಿ ನಿಲ್ಲಿಸಿರುವ ಗಾಳಿವಿದ್ಯುತ್ ಕಂಬಗಳ ನಡುವೆ ನೂರಾರು ಮೀಟರ್ ನೀರು ಖಾಲಿ ಬಿದ್ದಿರುತ್ತದೆ. ಬೆಲ್ಜಿಯಂನಲ್ಲಿ 2017ರಿಂದ 2019ರವರೆಗೆ ಘೆಂಟ್ ವಿಶ್ವವಿದ್ಯಾಲಯ ಮತ್ತು ಸಹಭಾಗಿಗಳು ಅಲ್ಲಿ ಹಗ್ಗಗಳ ಮೇಲೆ, ನಮ್ಮ ಕರಾವಳಿಯ ಪಚ್ಚಿಲೆಯ ಬಳಗದ ಚಿಪ್ಪುಜೀವಿಯನ್ನು ಬೆಳೆಸಿದರು. ನೆದರ್‌ಲೆಂಡ್ಸ್‌ನಲ್ಲಿ 2024ರಲ್ಲಿ ಕಂಬಗಳ ನಡುವೆ ಕಡಲಪಾಚಿಯ ತೋಟ ಹೂಡಿದರು.

ಚಿಪ್ಪುಜೀವಿಗೆ ಮೇವು ಹಾಕಬೇಕಿಲ್ಲ. ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ಪಾಚಿಗೆ ಗೊಬ್ಬರ ಬೇಡ. ನೀರಿನಲ್ಲಿ ಕರಗಿದ ಸಾರಜನಕ, ರಂಜಕಗಳನ್ನೇ ಹೀರುತ್ತದೆ.

ಬೆಲ್ಜಿಯಂನಲ್ಲಿ ಬೆಳೆಯೇನೋ ಚೆನ್ನಾಗಿ ಬಂತು. ಆದರೆ ದಡದಿಂದ ಸುಮಾರು 30ರಿಂದ 50 ಕಿ.ಮೀ. ದೂರ ದೋಣಿ ಹೋಗಬೇಕು. ಹಗ್ಗ, ಲಂಗರು ದೊಡ್ಡ ಅಲೆಗಳನ್ನು ತಡೆಯಬೇಕು. ಕಂಬಕ್ಕಾಗಲೀ ಕೇಬಲಿಗಾಗಲೀ ಧಕ್ಕೆಯಾಗಬಾರದು. ಖರ್ಚೆಲ್ಲ ಇಲ್ಲಿಯೇ.

ಬೆಳೆಗಾರ ಬಂಧುಗಳೇ, ಉಪಬೆಳೆ ಹುಲುಸಾಗಿ ಬಂದ ಮಾತ್ರಕ್ಕೆ ಲಾಭ ಬಂತೆಂದಲ್ಲ. ಹೊಸ ಬಳ್ಳಿ ನೆಡುವ ಮುನ್ನ ಕೊಯ್ಲಿನ ಆಳು, ಏಣಿ, ಸಾಗಾಟ, ಮುಖ್ಯ ಬೆಳೆಗಾಗುವ ತೊಂದರೆ ಈ ನಾಲ್ಕನ್ನೂ ಕಾಗದದ ಮೇಲೆ ಬರೆದು ಲೆಕ್ಕ ಹಾಕೋಣ.