ಆಫರ್ ಲೆಟರ್ ಮೊದಲು, ಹೊಸೂರಿನ ರೈಲು ಆಮೇಲೆ

ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಗೆ ಬೇಲು ತರುವ ರೈತರ ಮನೆಗಳಲ್ಲಿ ಐಟಿಐ ಮುಗಿಸಿದ ಮಗನೋ ಮಗಳೋ ಇರುವುದು ಈಗ ಸಾಮಾನ್ಯ. ಈ ಮಕ್ಕಳು ಮೊದಲು ಮೈಸೂರು, ನಂಜನಗೂಡಿನ ಕಾರ್ಖಾನೆಗಳ ಬಾಗಿಲು ತಟ್ಟುತ್ತಾರೆ. ಅಲ್ಲಿ ಆಗದಿದ್ದರೆ ಗಡಿಯಾಚೆ ತಮಿಳುನಾಡಿನ ಹೊಸೂರು ನೆನಪಾಗುತ್ತದೆ. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಕಾರ್ಖಾನೆಗಳಿರುವ ಊರು. ಬೆಂಗಳೂರಿನಿಂದ 40 ಕಿ.ಮೀ. ಅಷ್ಟೆ, ಕನ್ನಡ ಆಡಿದರೂ ನಡೆಯುತ್ತದೆ.

ಎಡವಟ್ಟಾಗುವುದು ಹೊರಡುವ ರೀತಿಯಲ್ಲಿ. ಸ್ನೇಹಿತ ಫೋನ್ ಮಾಡಿ ‘ಬಾರೋ, ಇಲ್ಲಿ ಆಳು ತಗೊಳ್ತಾ ಇದಾರೆ’ ಅಂದರೆ ಸಾಕು, ಮೈಸೂರಿನಿಂದ ಸಂಜೆ ಹೊರಡುವ ತೂತ್ತುಕುಡಿ ರೈಲು ಹತ್ತಿ ಹೊಸೂರಿನಲ್ಲಿ ಇಳಿದುಬಿಡುತ್ತಾರೆ. ರೂಮಿಗೆ ಅಡ್ವಾನ್ಸ್ ಕೊಟ್ಟಾದ ಮೇಲೆ ಕೈ ಖಾಲಿ. ಆಗ ಮೊದಲು ಸಿಕ್ಕ ಕೆಲಸಕ್ಕೆ ತಲೆಯಾಡಿಸದೆ ಬೇರೆ ದಾರಿ ಇರುವುದಿಲ್ಲ. ಊರಿನಲ್ಲೇ ಕೂತು ಕೆಲಸ ಗೊತ್ತುಮಾಡಿಕೊಂಡವರಿಗೆ ಮಾತ್ರ ಚೌಕಾಸಿ ಮಾಡುವ ಧೈರ್ಯ ಉಳಿದಿರುತ್ತದೆ.

1. ಹೆಸರು ಸರಿಮಾಡಿಸಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಒಂದರಲ್ಲಿ ‘ಮಹೇಶ ಎಂ.ಆರ್.’, ಇನ್ನೊಂದರಲ್ಲಿ ಬರೀ ‘ಮಹೇಶ’ ಎಂದಿದ್ದರೆ ಪಿಎಫ್ ಖಾತೆಯ ಕೆವೈಸಿ ಅಲ್ಲೇ ನಿಲ್ಲುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಸಿಗುವುದು ಎರಡೇ ಅವಕಾಶ, ಹಾಗಾಗಿ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡೇ ತಿದ್ದಿಸಬೇಕು.

2. ಹುಡುಕಾಟ ಮನೆಯಿಂದಲೇ

ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು. ತಮಿಳುನಾಡು ಸರ್ಕಾರಕ್ಕೂ ಖಾಸಗಿ ಉದ್ಯೋಗಗಳ ಪ್ರತ್ಯೇಕ ಜಾಲತಾಣವಿದೆ. ಕಂಪನಿಯ ಸ್ವಂತ ಜಾಲತಾಣದಲ್ಲಿ ಇಲ್ಲದ ಹುದ್ದೆ ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಕಂಡರೆ ಅನುಮಾನ ಪಡಬೇಕು. ‘ಯೂನಿಫಾರ್ಮ್‌ಗೆ’, ‘ಮೆಡಿಕಲ್‌ಗೆ’ ಅಂತ ಯಾರಾದರೂ ಮುಂಗಡ ಕೇಳಿದರೆ ಮಾತು ಅಲ್ಲಿಗೇ ಮುಗಿಸಬೇಕು.

3. ಪತ್ರ ಕೊಟ್ಟವರು ಯಾರು?

ಬಹಳ ಮಂದಿ ಮೋಸಹೋಗುವುದು ಇಲ್ಲೇ. ಊರಲ್ಲಿ ‘ಮಗ ದೊಡ್ಡ ಕಂಪನಿ ಸೇರಿದ’ ಅಂತ ಸುದ್ದಿಯಾಗಿರುತ್ತದೆ, ಗೇಟಿನ ಮೇಲೆ ಆ ಕಂಪನಿಯ ಹೆಸರೂ ಇರುತ್ತದೆ. ಆದರೆ ಪತ್ರದ ತಲೆಬರಹದಲ್ಲಿ ಇರುವುದು ಯಾವುದೋ ಕಾಂಟ್ರಾಕ್ಟರ್ ಹೆಸರು. ಕಾಂಟ್ರಾಕ್ಟ್ ಕೆಲಸ ಬೇಡವೇ ಬೇಡ ಎಂದಲ್ಲ. ಯಾರ ಕೈಕೆಳಗೆ ಹೋಗುತ್ತಿದ್ದೇವೆ ಎಂಬುದು ಹೊರಡುವ ಮುಂಚೆ ತಿಳಿದಿರಬೇಕು. ಸಂಬಳ ತಡವಾದರೆ ಕೇಳಬೇಕಾದದ್ದು ಅವರನ್ನೇ, ಪಿಎಫ್ ಕಟ್ಟಬೇಕಾದವರೂ ಅವರೇ.

ಪತ್ರವನ್ನು ನಿಧಾನವಾಗಿ ಓದಬೇಕು. ‘ಅಪ್ರೆಂಟಿಸ್’ ಎಂದಿದ್ದರೆ ಅದು 1961ರ ಅಪ್ರೆಂಟಿಸ್ ಕಾಯ್ದೆಯ ತರಬೇತಿ. ಸಿಗುವುದು ಸ್ಟೈಪೆಂಡ್ ಮಾತ್ರ; ಪಿಎಫ್, ಇಎಸ್‌ಐ ಇಲ್ಲ, ಅವಧಿ ಮುಗಿದ ಮೇಲೆ ಕೆಲಸದ ಖಾತರಿಯೂ ಇಲ್ಲ. ‘ಫಿಕ್ಸೆಡ್ ಟರ್ಮ್’ ಎಂದಿದ್ದರೆ ಎಷ್ಟು ತಿಂಗಳಿಗೆ ಎಂದು ಬರೆದಿರಬೇಕು. ‘ಟ್ರೈನಿ’ ಎಂದಷ್ಟೇ ಇದ್ದರೆ ಕಾಯಂ ಮಾಡುವ ವಿಚಾರವನ್ನು ಇ-ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಬೇಕು. ‘ಬಂದು ಸೇರ್ಕೊಳ್ಳಿ, ಲೆಟರ್ ಆಮೇಲೆ ಕೊಡ್ತೀವಿ’ ಎನ್ನುವವರನ್ನು ನಂಬಿ ಗಂಟುಮೂಟೆ ಕಟ್ಟಬಾರದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಸಂಹಿತೆ ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯ ಮಾಡಿದೆ. ಕೇಳುವುದು ಹಕ್ಕು, ಅದರಲ್ಲಿ ಸಂಕೋಚ ಬೇಡ.

4. ಕೈಗೆ ಬರುವುದೆಷ್ಟು?

ಪತ್ರದಲ್ಲಿ ಸಿಟಿಸಿ (ಕಂಪನಿಗೆ ಬೀಳುವ ಒಟ್ಟು ಖರ್ಚು) 19,113 ರೂಪಾಯಿ ಎಂದಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಒಟ್ಟು ಸಂಬಳ 17,000. ಪಿಎಫ್ ಲೆಕ್ಕಕ್ಕೆ ಹಿಡಿಯುವ ಮೂಲವೇತನ 13,000. ಕಂಪನಿ ತನ್ನ ಪಾಲಿನ ಪಿಎಫ್ 1,560, ಇಎಸ್‌ಐ 553 ರೂಪಾಯಿಯನ್ನೂ ಸೇರಿಸಿಯೇ ಸಿಟಿಸಿ ತೋರಿಸಿರುತ್ತದೆ. ಕೆಲಸಗಾರನ ಪಾಲಿನ ಪಿಎಫ್ ಶೇ 12, ಅಂದರೆ ಮತ್ತೆ 1,560. ಇಎಸ್‌ಐ ಶೇ 0.75, ಅಂದರೆ 128. ಕೈಗೆ ಸಿಗುವುದು 15,312. ಕ್ಯಾಂಟೀನ್, ಬಸ್ಸಿನ ಕಟಿಂಗ್ ಇದ್ದರೆ ಇನ್ನೂ ಕಡಿಮೆ. ಇದರಲ್ಲಿ ರೂಮಿನ ಪಾಲು ಕಳೆದು ಉಳಿಯುವುದನ್ನು ಮೈಸೂರಿನಲ್ಲೇ ಸಿಗಬಹುದಾದ ಸಂಬಳದ ಪಕ್ಕ ಇಟ್ಟು ನೋಡಬೇಕು. ಸಾವಿರ ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ರಾಜ್ಯ ಬಿಡುವುದು ನಷ್ಟದ ಬಾಬತ್ತು.

5. ಹೊರಡುವ ವಾರ

ಮೊದಲೇ ಎಲ್ಲಾದರೂ ದುಡಿದಿದ್ದರೆ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಬೇಕು. ಮುಚ್ಚಿಟ್ಟು ಹೊಸದು ಮಾಡಿಸಿದರೆ ಹಳೆಯ ಪಿಎಫ್ ಹಣ ಬಿಡಿಸಿಕೊಳ್ಳಲು ಅಲೆದಾಟ ತಪ್ಪಿದ್ದಲ್ಲ. ಮನೆಯವರು ಊರಿನಲ್ಲೇ ಇದ್ದರೆ ಇಎಸ್‌ಐ ನೋಂದಣಿಯಲ್ಲಿ ಅವರಿಗೆ ಹತ್ತಿರದ ಔಷಧಾಲಯವನ್ನು ಬೇರೆಯಾಗಿ ನಮೂದಿಸಬಹುದು. ಒಂದು ದೇಶ ಒಂದು ಪಡಿತರ ವ್ಯವಸ್ಥೆ ಇರುವುದರಿಂದ ಕಾರ್ಡ್ ಬದಲಾಯಿಸುವ ಅಗತ್ಯವಿಲ್ಲ.

ಇನ್ನು ಎಚ್.ಡಿ. ಕೋಟೆ ಕಡೆಯಿಂದ ಕೇರಳದ ವಯನಾಡಿನ ತೋಟಗಳಿಗೆ ಹೋಗುವವರಿಗೆ ಆಫರ್ ಲೆಟರ್ ಸಿಗುವುದು ಅಪರೂಪ. ಅವರು ತೋಟದ ಮಾಲೀಕರ ಹೆಸರು, ಫೋನ್ ನಂಬರು, ದಿನಗೂಲಿ, ಉಳಿಯುವ ಜಾಗ ಇಷ್ಟನ್ನು ಮೇಸ್ತ್ರಿಯಿಂದ ಬರೆಸಿಕೊಂಡು ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟುಹೋಗಬೇಕು. ವಯನಾಡಿಗೆ ಹೋಗುವ ಬಾವಲಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದರಿಂದ ಹಗಲಿನಲ್ಲೇ ಹೊರಡಬೇಕು.