ಕಾಯಕದ ಹೆಸರು, ಕರೆಯುವ ಬಾಯಿ

ಶರಣರ ಹೆಸರುಗಳನ್ನು ಒಮ್ಮೆ ಲಕ್ಷ್ಯವಿಟ್ಟು ಓದಬೇಕು. ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ, ಮಡಿವಾಳ ಮಾಚಯ್ಯ. ಭತ್ತ ಕುಟ್ಟುವುದು, ನೂಲುವುದು, ಬಟ್ಟೆ ಒಗೆಯುವುದು. ಕಾಯಕವು ಮುಂದೆ, ಅದರ ಹಿಂದೆಯೇ ಅಮ್ಮ, ಅವ್ವೆ, ಅಯ್ಯ ಎಂಬ ಗೌರವ. ದುಡಿಮೆಯ ಹೆಸರಿನಿಂದ ಅವರ ಮಾನವು ಕುಂದಲಿಲ್ಲ. ಕಸ ಗುಡಿಸುವುದನ್ನೇ ಕಾಯಕವಾಗಿಸಿಕೊಂಡ ಸತ್ಯಕ್ಕನು ನಮಗೆ ಇಂದಿಗೂ ಅಕ್ಕನೇ.

ಜಿಡಗಾ, ಆಳಂದ ಸೀಮೆಯ ಸದ್ಭಕ್ತರ ಮನೆಗಳಲ್ಲಿಯೂ ಇಂತಹ ಕಾಯಕಗಳು ನಡೆದಿವೆ. ಆದರೆ ಮಾಡುವವಳು ಹಲವರ ಬಾಯಲ್ಲಿ ‘ಭಾಂಡೆ ತಿಕ್ಕಾಕಿ’, ‘ಕಸದಾಕಿ’. ತಾಯಿಯ ವಯಸ್ಸಿನವಳನ್ನೂ ಮಕ್ಕಳು ಏಕವಚನದಿಂದ ಕೂಗುವರು. ಹಿರಿಯರಿಂದ ಕಲಿತದ್ದಲ್ಲದೆ ಮತ್ತೇನು? ಲಿಂಗಪೂಜೆಯ ಗಿಂಡಿಯನ್ನು ಬೆಳಗಿಕೊಟ್ಟವಳಿಗೆ ಚಹಾ ಕೊಡುವ ಲೋಟವು ಮಾತ್ರ ಬೇರೆ, ಹಿತ್ತಲಿನ ಗೂಡಿನಲ್ಲಿ! ಆ ಲೋಟವನ್ನು ಮನೆಯ ಲೋಟಗಳೊಡನೆ ಇಡುವುದಕ್ಕೆ ಯಾವ ಮುಹೂರ್ತವೂ ಬೇಡ. ಆಕೆಯ ಹೆಸರನ್ನು ಕೇಳಿ, ಅದಕ್ಕೆ ಅಮ್ಮ, ಅಕ್ಕ ಎಂದು ಸೇರಿಸಿ ಕರೆಯುವುದಕ್ಕೂ ಖರ್ಚಿಲ್ಲ.

ಖರ್ಚಿನ ಮಾತು ಕೂಲಿಯಲ್ಲಿದೆ. ಅದನ್ನು ದಾನವೆಂದು ಬಗೆಯುವವರುಂಟು. ಕರ್ನಾಟಕ ಸರಕಾರವು 2004ರಲ್ಲಿಯೇ ಮನೆಗೆಲಸಕ್ಕೂ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ನಿನ್ನೆಯ ರೊಟ್ಟಿ, ಹಳೆಯ ಸೀರೆ ಆ ಲೆಕ್ಕಕ್ಕೆ ಸೇರವು; ಜ್ವರದಿಂದ ಮಲಗಿದ ದಿನದ ಕೂಲಿಯನ್ನು ಕಡಿಯುವುದೂ ಸಲ್ಲದು.