ಸಭಾಕಂಪವೂ ಪರದೇಶಯಾನವೂ

ಅಲಂಕಾರಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆ ಎಂಟು ಸಾತ್ತ್ವಿಕ ಭಾವಗಳು ಕಂಠಸ್ಥವಾಗಿರುತ್ತವೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಮೈ ಮರಗಟ್ಟುವುದು, ಬೆವರುವುದು, ಕೂದಲು ನಿಮಿರುವುದು, ದನಿ ಒಡೆಯುವುದು, ನಡುಗುವುದು, ಮುಖ ಬಿಳಿಚುವುದು, ಕಣ್ಣೀರು ಬರುವುದು, ಎಚ್ಚರ ತಪ್ಪುವುದು ಎಂದು ಇವನ್ನು ತಿಳಿಗನ್ನಡದಲ್ಲಿ ಹೇಳಬಹುದು. ಕೈಯಾಡಿಸುವುದು, ಹುಬ್ಬೇರಿಸುವುದು ಮೊದಲಾದ ಚೇಷ್ಟೆಗಳಿಂದ ಇವನ್ನು ಶಾಸ್ತ್ರಕಾರರು ಬೇರೆಯಾಗಿ ಎಣಿಸಿರುವುದಕ್ಕೆ ಕಾರಣವುಂಟು. ಕೈಯನ್ನು ಎತ್ತೆಂದರೆ ಎತ್ತಬಹುದು. ಬೆವರೆಂದರೆ ಬೆವರಲಾಗದು, ಬೆವರಬೇಡವೆಂದರೆ ಬೆವರು ನಿಲ್ಲದು. ಇವು ಮನಸ್ಸಿನ ಆಳದಿಂದ ತಾವಾಗಿಯೇ ಮೈಮೇಲೆ ಬರುವಂಥವು.

ಈ ಲಕ್ಷಣವನ್ನು ತರಗತಿಯಲ್ಲಿ ಬೋಧಿಸುವ ನಾವೇ, ವೇದಿಕೆಯ ಮೇಲೆ ನಿಂತ ಹುಡುಗನಿಗೆ ಸ್ವರಭೇದವಾದರೆ ಅವನನ್ನು ಪುಕ್ಕಲನೆಂದು ಕರೆಯುತ್ತೇವೆ. ನಾನೂ ಹಾಗೆ ಕರೆದವನೇ. ಆ ತಪ್ಪಿನಿಂದ ನಾನು ಕಲಿತುದನ್ನು ಅಧ್ಯಾಪಕ ಬಂಧುಗಳ ಮುಂದೆಯೂ ಹಳೆಯ ವಿದ್ಯಾರ್ಥಿಗಳ ಮುಂದೆಯೂ ನಿವೇದಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಮಲಪನಗುಡಿಯು ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೋಗುವ ಹಾದಿಯಲ್ಲಿರುವ ಊರು. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬೆನ್ನಿಗೆ ಚೀಲ ಹೊತ್ತು ಒಂಟಿಯಾಗಿ ಅಲ್ಲಿಗೆ ಹೋಗುವ ಪರದೇಶೀಯರು ನಮಗೆ ಹೊಸಬರಲ್ಲ. ಅವರೆಲ್ಲರೂ ಅಳುಕೆಂಬುದನ್ನೇ ಅರಿಯದ ಧೀರರೆಂದು ನಾವು ಭಾವಿಸುತ್ತೇವೆ. ಆದರೆ ನಮ್ಮ ಊರಿನಿಂದ ಪರದೇಶಕ್ಕೆ ಹೊರಟವನೊಬ್ಬನ ಅಳುಕನ್ನು ಹತ್ತಿರದಿಂದ ಕಂಡ ಮೇಲೆ ನನಗೆ ಆ ಭಾವನೆ ಉಳಿಯಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಶಾಲೆಯಲ್ಲಿ ಓದಿದ ತರುಣನೊಬ್ಬನು ನನ್ನ ಮನೆಗೆ ಬಂದನು. ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಅವನಿಗೆ ಉನ್ನತ ವ್ಯಾಸಂಗಕ್ಕೆ ಪ್ರವೇಶ ದೊರೆತಿತ್ತು. ಹಿಂದಿನ ವರ್ಷವೂ ದೊರೆತಿತ್ತಂತೆ. ವೀಸಾ ಸಂದರ್ಶನದ ದಿನ ಕಚೇರಿಯ ಬಾಗಿಲಿನವರೆಗೂ ಹೋಗಿ ಹಿಂದಿರುಗಿದ್ದನು. ಮನೆಯವರಿಗೆ ಕಾಗದಪತ್ರ ಸರಿಯಾಗಲಿಲ್ಲವೆಂದು ಹೇಳಿದ್ದನು. ಮತ್ತೊಮ್ಮೆ ಬಿಟ್ಟರೆ ಮೂರನೆಯ ಅವಕಾಶವಿಲ್ಲ. “ಗುರುಗಳೇ, ವಿಮಾನಕ್ಕೆ ನಾನು ಹೆದರುವುದಿಲ್ಲ. ಕಿಟಕಿಯ ಆಚೆ ಕುಳಿತ ಅಧಿಕಾರಿ ಪ್ರಶ್ನೆ ಕೇಳಿದಾಗ ದನಿಯೇ ಬಾರದಿದ್ದರೆ? ಅಂಗಡಿಯಲ್ಲಿ ಒಂದು ರೊಟ್ಟಿ ಕೇಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ. ಎರಡು ವರ್ಷ ಒಬ್ಬನೇ ಹೇಗಿರಲಿ?” ಎಂದನು.

ಆಗ ನನಗೆ ನೆನಪಾದುದು ಅವನ ಒಂಬತ್ತನೆಯ ತರಗತಿಯ ದಿನ. ಶ್ರಾವಣ ಮಾಸದ ಸಮಾರಂಭದಲ್ಲಿ ಗದುಗಿನ ಭಾರತದ ಪದ್ಯಗಳನ್ನು ವಾಚಿಸಲು ಅವನು ಎದ್ದು ನಿಂತನು. ಎರಡನೆಯ ಪದ್ಯಕ್ಕೆ ಕೊರಳು ಕಟ್ಟಿತು. “ಬಂದ ನೋಡಿ ಉತ್ತರಕುಮಾರ!” ಎಂದೆನು ನಾನು. ಸಭೆ ನಕ್ಕಿತು. ಆಮೇಲೆ ಅವನು ವೇದಿಕೆ ಏರಲೇ ಇಲ್ಲ.

ನನ್ನ ಉಪಮೆಯೂ ತಪ್ಪಾಗಿತ್ತು. ವಿರಾಟಪರ್ವದ ಉತ್ತರನು ಮೊದಲು ಅಂತಃಪುರದಲ್ಲಿ ಜಂಬ ಕೊಚ್ಚಿ, ಆಮೇಲೆ ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದವನು. ಈ ಹುಡುಗನಾದರೋ ಎಂದೂ ಜಂಬ ಕೊಚ್ಚಿದವನಲ್ಲ. ಮೇಲಾಗಿ, ಓಡಿದ ಉತ್ತರನಿಗೆ ಬೃಹನ್ನಳೆಯು ಮಾಡಿದ್ದೇನು? ಹಿಡಿದು ತಂದು, ಧೈರ್ಯ ಹೇಳಿ, ಬಿಲ್ಲಿನ ಬದಲು ಕುದುರೆಗಳ ಹಗ್ಗವನ್ನು ಕೈಗೆ ಕೊಟ್ಟನು. ನಡುಗುವವನು ಮನೆಗೆ ಹೋಗಲಿಲ್ಲ. ತನ್ನ ಕೈಲಾಗುವ ಕೆಲಸವನ್ನು ಹಿಡಿದು ಅದೇ ರಣರಂಗಕ್ಕೆ ಮರಳಿದನು. ನಾನು ಪರ್ವದ ಅರ್ಧವನ್ನು ಮಾತ್ರ ನೆನೆದು ನಗಿಸಿದ್ದೆನು.

ಅಂದು ಅವನಿಗೆ ನಾನು ಎರಡು ವೃತ್ತಾಂತಗಳನ್ನು ಹೇಳಿದೆನು. ಒಂದು ನಮ್ಮ ದೇಶದಿಂದ ಹೊರಗೆ ಹೋದವರದು. ಇನ್ನೊಂದು ಹೊರಗಿನಿಂದ ನಮ್ಮ ನೆಲಕ್ಕೆ ಬಂದವನದು.

ಮೊದಲನೆಯದು ಮಹಾತ್ಮಾ ಗಾಂಧಿಯವರದು. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಜುನಾಗಢದ ವಕೀಲರೊಬ್ಬರು ಜೊತೆಗಿದ್ದರು. ಜನರೊಡನೆ ಬೆರೆಯಬೇಕೆಂದು ಹೇಳುತ್ತಲೂ ಇದ್ದರು. ಆದರೂ ಈ ತರುಣರಿಗೆ ಊಟದ ಮೇಜಿಗೆ ಹೋಗಲು ಧೈರ್ಯವಾಗಲಿಲ್ಲ. ಮುಳ್ಳುಚಮಚ ಹಿಡಿಯುವ ರೀತಿ ತಿಳಿಯದು. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚ. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ತಮ್ಮ ಕೋಣೆಯಲ್ಲಿಯೇ ತಿಂದು ದಿನ ಕಳೆದರು. ಇಂಗ್ಲೆಂಡಿನಲ್ಲಿ ಇಳಿದಾಗ ಬಿಳಿಯ ಉಡುಪು ತೊಟ್ಟವರು ತಾವೊಬ್ಬರೇ ಎಂಬುದನ್ನು ಕಂಡು ನಾಚಿಕೆಯಿಂದ ಕುಗ್ಗಿದರು. ಲಂಡನ್ನಿನ ಸಸ್ಯಾಹಾರಿಗಳ ಸಂಘದ ಕಾರ್ಯಸಮಿತಿಯಲ್ಲಿ ಒಮ್ಮೆ ತಮ್ಮ ಅಭಿಪ್ರಾಯವನ್ನು ಬರೆದುಕೊಂಡು ಹೋದರೂ ಓದಲಾಗಲಿಲ್ಲ, ಬೇರೊಬ್ಬರು ಓದಬೇಕಾಯಿತು. 1891ರಲ್ಲಿ ಊರಿಗೆ ಮರಳುವ ಮುನ್ನ ತಾವೇ ಏರ್ಪಡಿಸಿದ ಔತಣದಲ್ಲಿಯೂ ಸಿದ್ಧಪಡಿಸಿಕೊಂಡಿದ್ದ ಭಾಷಣವು ಮೊದಲ ವಾಕ್ಯಕ್ಕೇ ನಿಂತಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಮೂರು ವರ್ಷ ಪರದೇಶದಲ್ಲಿದ್ದು ಬಂದರೂ ಅವರ ಸಭಾಕಂಪ ಹೋಗಲಿಲ್ಲ. ಮುಂಬಯಿಯ ಸಣ್ಣ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಗೆ ನಿಂತಾಗ ತಲೆ ಸುತ್ತಿ, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತರು. ಕಕ್ಷಿಗಾರರಿಗೆ ಮೂವತ್ತು ರೂಪಾಯಿ ಶುಲ್ಕವನ್ನು ಹಿಂದಿರುಗಿಸಲು ಸಿದ್ಧರಾದರು. ಅನಂತರವೂ 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೊರಟರು. ಅಲ್ಲಿ ಪ್ರಿಟೋರಿಯಾದಲ್ಲಿ ತಮ್ಮವರ ಕಷ್ಟವನ್ನು ಕುರಿತು ಮಾತನಾಡಬೇಕಾಗಿ ಬಂದಾಗ ಮಾತು ಬಂದಿತು. 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠದಲ್ಲಿ ಕುಳಿತವರು ಇವರೇ. ಸಂಕೋಚವು ತಮಗೆ ಮಿತಭಾಷೆಯನ್ನು ಕಲಿಸಿತೆಂದು ಆತ್ಮಕಥೆಯಲ್ಲಿ ಕೃತಜ್ಞತೆಯಿಂದಲೇ ಹೇಳಿಕೊಂಡಿದ್ದಾರೆ. ಅಳುಕು ತೀರಿದ ಮೇಲೆ ಹೊರಡುತ್ತೇನೆಂದು ಅವರು ಕಾದಿದ್ದರೆ ರಾಜಕೋಟೆಯಲ್ಲಿಯೇ ಉಳಿಯುತ್ತಿದ್ದರು.

ಎರಡನೆಯದು ಅಬ್ದುರ್ ರಜಾಕನದು. ಹೆರಾತ್ ನಗರದಿಂದ ಆಳುತ್ತಿದ್ದ ಶಾರುಖ್ ದೊರೆಯು 1442ರಲ್ಲಿ ಇವನನ್ನು ಕಲ್ಲಿಕೋಟೆಗೆ ರಾಯಭಾರಿಯಾಗಿ ಕಳುಹಿಸಿದನು. ಹೊರಟಾಗ ಇವನ ವಯಸ್ಸು ಮೂವತ್ತಕ್ಕೆ ಮೀರಿರಲಿಲ್ಲ. ಹಾರ್ಮುಜ್ ಬಂದರಿನಲ್ಲಿ ಹಡಗಿನ ವಾಸನೆ ಮೂಗಿಗೆ ತಗುಲಿ, ಸಮುದ್ರದ ಭಯ ಕವಿದು, ಮೂರು ದಿನ ಎಚ್ಚರ ತಪ್ಪಿದ್ದೆನೆಂದು ಅವನೇ ತನ್ನ ಪಾರಸಿ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಕಲ್ಲಿಕೋಟೆಯಲ್ಲಿ ಅವನಿಗೆ ನಿರೀಕ್ಷಿಸಿದ ಮನ್ನಣೆ ದೊರೆಯಲಿಲ್ಲ. ಅಷ್ಟರಲ್ಲಿ ವಿಜಯನಗರದಿಂದ ಕರೆ ಬಂದಿತು. ಮತ್ತೆ ಸಮುದ್ರದ ಮೇಲೆ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟವೇರಿ, 1443ರ ಏಪ್ರಿಲ್ ತಿಂಗಳ ಕೊನೆಗೆ ನಮ್ಮ ಈ ಸೀಮೆಯನ್ನು ತಲುಪಿದನು. ಏಳು ಸುತ್ತಿನ ಕೋಟೆಯನ್ನೂ, ಹೊರಸುತ್ತುಗಳ ನಡುವಣ ಹೊಲ, ತೋಟ, ಮನೆಗಳನ್ನೂ ಅವನು ವರ್ಣಿಸಿದ್ದಾನೆ.

ಆಳುತ್ತಿದ್ದವನು ಇಮ್ಮಡಿ ದೇವರಾಯ. ವೀರಶೈವ ಸಾಹಿತ್ಯದ ವಾಚಕರಿಗೆ ಪ್ರೌಢದೇವರಾಯನೆಂದು ಪರಿಚಿತನಾದವನು. ನಲವತ್ತು ಕಂಬಗಳ ಸಭಾಮಂಟಪದಲ್ಲಿ ಆ ಅರಸನ ಮುಂದೆ ರಾಯಭಾರಿಯು ಬೆವರಿನಿಂದ ತೊಯ್ದುಹೋದನು. ಸೆಖೆಯೂ ತಾನು ತೊಟ್ಟ ಹಲವು ನಿಲುವಂಗಿಗಳೂ ಕಾರಣವೆಂದು ಅವನ ಬರಹ. ಅದಕ್ಕಿಂತ ಹೆಚ್ಚಿನದನ್ನು ನಾವು ಆರೋಪಿಸಬೇಕಾಗಿಲ್ಲ. ನೋಡಬೇಕಾದುದು ಅರಸನ ನಡತೆಯನ್ನು. ತುಂಬಿದ ಸಭೆಯಲ್ಲಿ ಅತಿಥಿ ಬೆವರಿದುದನ್ನು ಅವನು ಕಂಡನು. ತನ್ನ ಕೈಯಲ್ಲಿದ್ದಂಥದೇ ಬೀಸಣಿಗೆಯೊಂದನ್ನು ಅವನಿಗೆ ಕೊಡಿಸಿದನು. ತಾಂಬೂಲ, ಕರ್ಪೂರ, ಹಣದ ಚೀಲಗಳೂ ಸಂದವು. ಮುಂದೆ, ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಹಾರ್ಮುಜ್‌ನವರು ಚಾಡಿ ಹೇಳಿದರು. ಕೆಲವು ಕಾಲ ದಿನದ ಪಡಿಯೂ ನಿಂತಿತು. ಅದನ್ನೂ ಅವನು ಸಹಿಸಿ ನಿಂತನು. ಆ ವರ್ಷದ ಡಿಸೆಂಬರಿನಲ್ಲಿ ಹೊರಟು, ಬಿರುಗಾಳಿಯ ಸಮುದ್ರವನ್ನು ಮತ್ತೊಮ್ಮೆ ದಾಟಿ ಸ್ವದೇಶ ಸೇರಿದನು. ಇಂದು ವಿಜಯನಗರದ ಇತಿಹಾಸವನ್ನು ಬರೆಯುವವರು ಯಾರೂ ಈ ಅಂಜುಬುರುಕನ ಗ್ರಂಥವನ್ನು ಬಿಟ್ಟು ಬರೆಯಲಾರರು.

ಇವರಿಬ್ಬರ ಭಯವೂ ಒಂದೇ ಜಾತಿಯದಲ್ಲ. ಒಬ್ಬನದು ಕಡಲಿನ ಭಯ. ಇನ್ನೊಬ್ಬರದು ಮನುಷ್ಯರ ಕಣ್ಣಿನ ಭಯ. ಆದರೆ ಇಬ್ಬರೂ ಭಯವನ್ನು ಗೆದ್ದು ಹೊರಟವರಲ್ಲ. ಅದನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೊರಟವರು.

ಮನುಷ್ಯರ ಕಣ್ಣಿನ ಭಯವು ಬಾಳನ್ನೇ ಕಟ್ಟಿಹಾಕುವಷ್ಟಾದರೆ ಅದಕ್ಕೆ ಈಗ ವೈದ್ಯಶಾಸ್ತ್ರದಲ್ಲಿ ಹೆಸರಿದೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗವರ್ಗೀಕರಣ ಗ್ರಂಥದಲ್ಲಿ ಇದನ್ನು ಸೋಷಿಯಲ್ ಫೋಬಿಯಾ ಎಂದು ಪ್ರತ್ಯೇಕವಾಗಿ ಸೇರಿಸಿತು. ಈಗ ಸಾಮಾಜಿಕ ಆತಂಕವೆಂದು ಕರೆಯುತ್ತಾರೆ. ಬಹುಮಟ್ಟಿಗೆ ಹದಿಹರೆಯದಲ್ಲಿ, ಅಂದರೆ ನಮ್ಮ ಪ್ರೌಢಶಾಲೆಯ ವಯಸ್ಸಿನಲ್ಲಿಯೇ, ಇದು ಮೊಳೆಯುತ್ತದೆ. ಹೆದರಿದ ಸ್ಥಳದಿಂದ ತಪ್ಪಿಸಿಕೊಂಡಾಗ ಆ ಕ್ಷಣಕ್ಕೆ ಹಾಯೆನಿಸುತ್ತದೆ; ಆ ಹಾಯೆನಿಸುವಿಕೆಯೇ ಭಯಕ್ಕೆ ಗೊಬ್ಬರ. ಆದುದರಿಂದ ಚಿಕಿತ್ಸೆಯ ಒಂದು ಮುಖ್ಯ ಮಾರ್ಗವೆಂದರೆ ಸಣ್ಣ ಮೆಟ್ಟಿಲಿನಿಂದ ಮೊದಲುಮಾಡಿ, ಹೆದರಿಕೆಯಿದ್ದಾಗಲೇ ಅಲ್ಲಿ ನಿಂತು ನೋಡುವುದು. ‘ಎಲ್ಲರೂ ನನ್ನನ್ನೇ ನೋಡಿ ನಗುತ್ತಾರೆ’ ಎಂಬ ಎಣಿಕೆ ಎಷ್ಟು ಸಲ ನಿಜವಾಯಿತೆಂದು ಲೆಕ್ಕವಿಡುವುದು. ಅಗತ್ಯವಿದ್ದವರಿಗೆ ಔಷಧವೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ವೈದ್ಯರಿದ್ದಾರೆ. 2022ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರಲ್ಲಿ ಅವಮಾನವೇನೂ ಇಲ್ಲ.

ನಮ್ಮ ತರುಣನು ವೈದ್ಯರನ್ನು ಕಂಡನು. ಅವರು ಹೇಳಿದ ಮೆಟ್ಟಿಲುಗಳನ್ನು ನಾವಿಬ್ಬರೂ ಕುಳಿತು ನಮ್ಮ ಊರಿಗೆ ಹೊಂದಿಸಿಕೊಂಡೆವು. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬನನ್ನು ಬಸ್ಸಿನ ವೇಳೆ ಕೇಳುವುದು ಮೊದಲನೆಯದು. ರೈಲು ನಿಲ್ದಾಣದ ಕಿಟಕಿಯಲ್ಲಿ ನಿಂತು ಟಿಕೆಟ್ ಪಡೆಯುವುದು ಎರಡನೆಯದು. ಹೋಟೆಲಿನಲ್ಲಿ ಒಬ್ಬನೇ ಕುಳಿತು ಊಟ ಮಾಡಿ, ಸಾರು ಇನ್ನೊಂದಿಷ್ಟು ಬೇಕೆಂದು ಕೇಳುವುದು ಮೂರನೆಯದು. ಹಂಪೆಯಲ್ಲಿ ಒಂಟಿಯಾಗಿ ಬಂದ ಪರದೇಶೀಯನೊಡನೆ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತನಾಡುವುದು ನಾಲ್ಕನೆಯದು. ಒಬ್ಬನೇ ಬೆಂಗಳೂರಿಗೆ ಹೋಗಿ ಎರಡು ದಿನವಿದ್ದು ಬರುವುದು ಐದನೆಯದು. ಒಂದೊಂದು ಮೆಟ್ಟಿಲಿನಲ್ಲಿಯೂ ಅಳುಕು ಇಳಿಯುವವರೆಗೆ ಪುನರಾವರ್ತನೆ. ಮೂರನೆಯದರಲ್ಲಿ ಅವನು ಎರಡು ಸಲ ಸೋತನು, ಮತ್ತೆ ಹೋದನು. ಅಧಿಕಾರಿಗಳು ಸಾಮಾನ್ಯವಾಗಿ ಕೇಳುವುದು, ಏತಕ್ಕೆ ಹೋಗುತ್ತೀರಿ, ಎಲ್ಲಿರುತ್ತೀರಿ, ಎಷ್ಟು ಕಾಲ, ಖರ್ಚಿಗೆ ಹಣವೆಲ್ಲಿಯದು ಎಂಬಷ್ಟನ್ನೇ. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಗಟ್ಟಿಯಾಗಿ ಓದಿದನು. ಗಮಕಕ್ಕೆ ಪದ್ಯವನ್ನು ಸಿದ್ಧಪಡಿಸುವ ಕ್ರಮವೇ ಇದು. ಆಗ ನಾನು ಅವನಿಗೆ ಹೇಳಿಕೊಡಬೇಕಾಗಿದ್ದುದೂ ಇದೇ.

ಅವನು ಹೋದನು. ವಿಮಾನ ನಿಲ್ದಾಣದ ಕಿಟಕಿಯಲ್ಲಿ ದನಿ ಒಡೆಯಿತಂತೆ, ಹಾಳೆಯನ್ನು ಮುಂದಿಟ್ಟನಂತೆ, ಅಧಿಕಾರಿಯು ತಲೆಯನ್ನೂ ಎತ್ತದೆ ಮುದ್ರೆಯೊತ್ತಿದನಂತೆ. ಮೊದಲ ಕೆಲವು ವಾರ ಕೋಣೆಯಲ್ಲಿಯೇ ಅವಲಕ್ಕಿ ತಿಂದುಕೊಂಡಿದ್ದೆನೆಂದು ದೂರವಾಣಿಯಲ್ಲಿ ಹೇಳಿ ನಕ್ಕನು. ಆತಂಕವು ಪೂರ್ಣವಾಗಿ ಹೋಗಿದೆಯೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ತರಗತಿಯಲ್ಲಿ ಪ್ರಬಂಧ ಮಂಡಿಸುವ ದಿನ ಕೈ ನಡುಗಿತು, ಆದರೂ ಕೊನೆಯವರೆಗೆ ಓದಿದೆನೆಂದನು.

ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ. ಪ್ರಾರ್ಥನೆಯ ವೇಳೆಯಲ್ಲಿ ಕೊರಳು ಕಟ್ಟಿದ ಮಗುವನ್ನು ಕಂಡಾಗ ಕಾರಣ ಕೇಳಬೇಡಿರಿ, ಹೆಸರಿಡಬೇಡಿರಿ. ಇಡೀ ಪದ್ಯದ ಬದಲು ಒಂದು ಸಾಲು ಕೊಡಿರಿ; ಒಬ್ಬನೇ ನಿಲ್ಲಲಾರದವನಿಗೆ ಜೊತೆಗಾರನನ್ನು ಕೊಡಿರಿ; ಮರುವಾರ ಮತ್ತೆ ಕರೆಯಿರಿ. ಶ್ರೀಮಠದ ದಾಸೋಹದಲ್ಲಿ ಎಲೆಯ ಮುಂದೆ ಕುಳಿತವನನ್ನು ನೀನು ಯಾರೆಂದು ಕೇಳುವ ಪದ್ಧತಿಯಿಲ್ಲ. ಪಾಠಶಾಲೆಯಲ್ಲಿಯೂ ಆ ಪದ್ಧತಿಯೇ ಸಲ್ಲಬೇಕು. ದಾನಿಗಳಾದ ಮಹನೀಯರು ದೂರದೇಶಕ್ಕೆ ಹೋಗುವ ಮಕ್ಕಳಿಗೆ ಶುಲ್ಕವನ್ನು ಕೊಡುತ್ತಾರೆ. ಅಲ್ಲಿ ಈಗಾಗಲೇ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಮೊದಲ ತಿಂಗಳಲ್ಲಿ ಒಂದು ದಿನ ಅವರನ್ನು ಕರೆದು ಊಟಕ್ಕೆ ಕೂಡಿಸಿದರೆ ಆ ಶುಲ್ಕವು ಸಾರ್ಥಕವಾದೀತು.

ಈ ವರ್ಷದ ಶ್ರಾವಣದಲ್ಲಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ವೇದಿಕೆಯ ಮೇಲೆ ನಾಲ್ಕನೆಯ ಪದ್ಯಕ್ಕೆ ನಿಂತಳು. ಹಣೆಯ ಮೇಲೆ ಬೆವರಿತ್ತು. ನಾನು ನನ್ನ ಕೈಯ ಬೀಸಣಿಗೆಯನ್ನು ಅವಳ ಪಕ್ಕದ ಮೇಜಿನ ಮೇಲಿಟ್ಟು, “ನಿಧಾನವಾಗಿ ಓದಮ್ಮಾ, ನಾವು ಕಾಯುತ್ತೇವೆ” ಎಂದೆನು. ಸಭೆ ಕಾಯಿತು. ಅವಳು ಓದಿ ಮುಗಿಸಿದಳು.